ಡೊಮೇನ್ ಹೆಸರಿನ ವ್ಯಾಪಾರ: ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು



ಕಳೆದ ಬಾರಿ ಕೊಯ್ಲಿನ ಕೆಲಸ ಮುಗಿದ ಮೇಲೆ ನಾವು ಹಾಗೂ ಸಂಘದ ಐದು ಮಂದಿ ನಿರ್ದೇಶಕರು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ನಾಲ್ಕು ದಿನ ಸುತ್ತಿ ಬಂದೆವು. ಕಾಫಿಯೂ ಇಲ್ಲದ, ಅಡಿಕೆಯೂ ಇಲ್ಲದ ಆ ಬಯಲುಸೀಮೆಯಲ್ಲಿ ನಮಗೇನು ಕೆಲಸ ಎಂದು ಮಹಾಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. 2025ರಲ್ಲಿ ಅಪೇಡಾ ನೆರವಿನಿಂದ ಅದು ಯು.ಎ.ಇ.ಗೂ ಹೋಯಿತು. ಊರಿನ ಹೆಸರನ್ನು ಬೆಲೆಯಾಗಿ ಪರಿವರ್ತಿಸಿಕೊಳ್ಳುವುದು ಹೇಗೆ ಎಂಬುದನ್ನು ಅಲ್ಲಿನವರಿಂದ ತಿಳಿಯೋಣವೆಂದು ಹೋದದ್ದು. ತಿಳಿದು ಬಂದದ್ದರಲ್ಲಿ ಒಂದು ಭಾಗ ನಾವು ಎಣಿಸಿರದ ಕಡೆಯಿಂದ ಬಂತು.

ಇಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಊಟಕ್ಕಿಟ್ಟ ಲಿಂಬೆ ಬೆಳೆಗಾರರ ಮಗ ಪದವೀಧರ. ರೊಟ್ಟಿ ಬಡಿಸುತ್ತಲೇ ಆ ಹುಡುಗ ಕೇಳಿದ: "ಕಾಕಾ, ಯಾರೂ ಹಿಡೀದ ಹೆಸರು ಹುಡುಕಿ ನಮ್ಮ ಹೆಸರಿಗೆ ಬರಸಿ ಇಟ್ಟರ, ಮುಂದ ಲಕ್ಷಗಟ್ಟಲೆ ರೊಕ್ಕಕ್ಕ ಮಾರಬಹುದಂತ. ಖರೇ ಏನ್ರಿ?" ಕೇಳುವ ಹೊತ್ತಿಗಾಗಲೇ ಅವನು 31 ಡೊಮೇನ್ ಹೆಸರುಗಳನ್ನು ನೋಂದಾಯಿಸಿ ಹದಿನಾಲ್ಕು ಸಾವಿರ ರೂಪಾಯಿ ಕಟ್ಟಿಯಾಗಿತ್ತು. ಅಪ್ಪನಿಗೆ ಹೇಳಿರಲಿಲ್ಲ. ಅಂದು ನಾವು ಪೂರ್ತಿ ಉತ್ತರ ಕೊಡಲಾಗಲಿಲ್ಲ. ನಮ್ಮ ಸದಸ್ಯರ ಮನೆಗಳಲ್ಲೂ ಇದೇ ಆಲೋಚನೆಯ ಹುಡುಗರಿದ್ದಾರೆಂದು ಬಲ್ಲೆವಾದ್ದರಿಂದ, ಆಮೇಲೆ ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಡೊಮೇನ್ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕಿಯ ವಿಳಾಸವಿದೆ. ಅಂಕಿ ನೆನಪಿನಲ್ಲಿ ಉಳಿಯದಾದ್ದರಿಂದ ಅದಕ್ಕೆ ಹೆಸರು ಕಟ್ಟುತ್ತಾರೆ. ಸರ್ವೆ ನಂಬರಿನ ಜಮೀನನ್ನು ನಾವು 'ಹೊಳೆಬದಿ ತೋಟ' ಎಂದು ಕರೆಯುವುದಿಲ್ಲವೇ, ಹಾಗೆ. ವ್ಯತ್ಯಾಸವೆಂದರೆ ಹೊಳೆಬದಿ ತೋಟ ಊರಿಗೊಂದು ಇರಬಹುದು, ಡಾಟ್ ಕಾಂ ಎಂಬ ಬಾಲ ಅಂಟಿಸಿದ ಹೆಸರು ಜಗತ್ತಿಗೆಲ್ಲ ಒಂದೇ. ಮೊದಲು ಬಂದವನಿಗೆ ಮೊದಲು. ಡಾಟ್ ಇನ್ ಎಂಬುದು ನಮ್ಮ ದೇಶದ ಬಾಲ. ಅದರ ಲೆಕ್ಕವನ್ನು 2005ರಿಂದ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಕನ್ನಡ ಅಕ್ಷರಗಳಲ್ಲೇ ಬರೆಯುವ 'ಡಾಟ್ ಭಾರತ' ಕೂಡ ಇದೆ.

ಹೆಸರನ್ನು 'ಕೊಂಡೆ' ಎನ್ನುತ್ತಾರಾದರೂ ಇದು ಕ್ರಯವಲ್ಲ, ಗೇಣಿ. ವರ್ಷ ವರ್ಷ ಕಟ್ಟಬೇಕು. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷದ್ದನ್ನು ಮುಂಗಡ ಕಟ್ಟಬಹುದು. 1974ರ ಭೂಸುಧಾರಣೆಯಲ್ಲಿ ಗೇಣಿ ಪದ್ಧತಿ ರದ್ದಾಗಿ ಉಳುವವನಿಗೆ ಭೂಮಿ ಬಂತು. ಇಲ್ಲಿ ಅಂಥ ಕಾನೂನಿಲ್ಲ; ಎಷ್ಟು ವರ್ಷ ಉತ್ತರೂ ಗೇಣಿದಾರ ಗೇಣಿದಾರನೇ.

ಇನ್ನು ವ್ಯಾಪಾರದ ವಿಷಯ. ವಾಯ್ಸ್ ಡಾಟ್ ಕಾಂ ಎಂಬ ಹೆಸರು 2019ರಲ್ಲಿ ಮೂರು ಕೋಟಿ ಡಾಲರಿಗೆ ಮಾರಾಟವಾಯಿತು. ಇದು ನಿಜ. ಇಂಥ ಒಂದು ಸುದ್ದಿ ಸಾವಿರ ಹುಡುಗರ ನಿದ್ದೆ ಕೆಡಿಸುತ್ತದೆ. ಆದರೆ ಅದು ಸಣ್ಣ, ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದ. ಕೊಂಡದ್ದು ಹಣವುಳ್ಳ ಒಂದು ಕಂಪನಿ. ಅಂಥ ಪದಗಳೆಲ್ಲ ಎಂದೋ ಹೋಗಿವೆ. ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಕಟ್ಟಬಹುದಾದ ಡಾಟ್ ಕಾಂ ಹೆಸರುಗಳು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು; ಅರ್ಥವಿರಲಿ ಇಲ್ಲದಿರಲಿ, 2013ರ ಹೊತ್ತಿಗೇ ಅವೆಲ್ಲ ಯಾರದೋ ಕೈಯಲ್ಲಿದ್ದವು. ಇಂಗ್ಲಿಷಿನಲ್ಲಿ 'ಇಂಡಿ' ಬರೆದರೆ ನಾಲ್ಕೇ ಅಕ್ಷರವಾದ್ದರಿಂದ ಆ ಹೆಸರೂ ಅದರಲ್ಲೇ ಸೇರಿತು. ಲಿಂಬೆಯ ಸೀಮೆಯ ಹುಡುಗ ಅದನ್ನು ಹುಡುಕಿ ನಿರಾಶನಾದದ್ದು ಅದಕ್ಕೇ.

ಹಾಗಾದರೆ ಉಳಿದಿರುವುದು ಏನು? ಉಳಿದಿರುವುದು ಬಹಳವಿದೆ, ಬೆಲೆ ಬಾಳುವುದು ಕಡಿಮೆ. ಹೆಸರು ಹುಡುಕುವವರು ಮುಖ್ಯವಾಗಿ ಮೂರು ಕಡೆ ಕಣ್ಣಿಡುತ್ತಾರೆ.

ಒಂದು, ಹೊಸದಾಗಿ ಹುಟ್ಟುವ ಹೆಸರು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಅಂದೇ ಬೆಳಗಾವಿ, ಕಲಬುರಗಿ, ಮೈಸೂರು, ಚಿಕ್ಕಮಗಳೂರು ಮೊದಲಾದ ಊರುಗಳ ಇಂಗ್ಲಿಷ್ ಬರಹವೂ ಬದಲಾಯಿತು. ಹೆಸರು ಬದಲಾದರೆ ಹೋಟೆಲಿನವರು, ಶಾಲೆಯವರು, ಲಾರಿ ಆಫೀಸಿನವರು ಎಲ್ಲರಿಗೂ ಹೊಸ ವಿಳಾಸ ಬೇಕಾಗುತ್ತದೆ. ಬದಲಾವಣೆಯ ಮಾತು ಪತ್ರಿಕೆಯಲ್ಲಿ ಬಂದ ದಿನವೇ ಎದ್ದು ಹುಡುಕಿದವನಿಗೆ ಸಿಗುತ್ತದೆ, ಸರ್ಕಾರಿ ಆದೇಶ ಬಂದ ಮೇಲೆ ಎದ್ದವನಿಗಲ್ಲ.

ಎರಡು, ಯಾರೋ ಗೇಣಿ ಕಟ್ಟದೆ ಬಿಟ್ಟ ಹೆಸರು. ಡಾಟ್ ಕಾಂ ಹೆಸರಿನ ಅವಧಿ ತೀರಿದ ಮೇಲೆ ನೋಂದಣಿ ಕಂಪನಿ 45 ದಿನಗಳವರೆಗೆ ಕಾಯಬಹುದು. ಅನಂತರ 30 ದಿನ ಹಳೆಯ ಗೇಣಿದಾರ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಕಳೆದು ಹೆಸರು ಬಯಲಿಗೆ ಬೀಳುತ್ತದೆ. ಒಳ್ಳೆಯ ಹೆಸರು ಬೀಳುವ ಕ್ಷಣಕ್ಕಾಗಿ ಯಂತ್ರಗಳನ್ನೇ ಕಾವಲಿಟ್ಟ ಕಂಪನಿಗಳಿವೆ. ಮೊಬೈಲು ಹಿಡಿದು ಕೂತವನು ಅವರೊಡನೆ ಓಡಿ ಗೆಲ್ಲುವುದು ಕಷ್ಟ.

ಮೂರು, ಕೊಳ್ಳುವವನು ಆಡುವ ಮಾತು. ನಮಗೆ ರುಚಿಸಿದ್ದು ಇದೇ, ಏಕೆಂದರೆ ಇಲ್ಲಿ ಊರಿನ ಜ್ಞಾನಕ್ಕೆ ಬೆಲೆಯಿದೆ. ಇಂಡಿಯ ಹಣ್ಣಿಗೆ ಶಾಸ್ತ್ರದಲ್ಲಿ ಇಂಗ್ಲಿಷ್ ಹೆಸರು 'ಲೈಮ್'. ನಮ್ಮ ದೇಶದ ಸಂತೆಯಲ್ಲಿ ಇಂಗ್ಲಿಷ್ ಬಲ್ಲವರೆಲ್ಲ ಹೇಳುವುದು 'ಲೆಮನ್'. ಅಲ್ಲಿನವರಿಗೆ ಅದು ಲಿಂಬೆ, ನಮ್ಮಲ್ಲಿ ನಿಂಬೆ. ದುಬೈಯ ವ್ಯಾಪಾರಿ ಯಾವುದನ್ನು ಬರೆದು ಹುಡುಕುತ್ತಾನೆ? ಸಿಂದಗಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ 'ಎ' ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಬಾಗೇವಾಡಿಗೆ ಕೆಲವರು 'ಡಬ್ಲ್ಯು', ಕೆಲವರು 'ವಿ'. ಮೇಲಾಗಿ ಬೆಳಗಾವಿಯ ಬಳಿ ಹಿರೇಬಾಗೇವಾಡಿ ಎಂಬ ಇನ್ನೊಂದು ಊರಿದೆ. ಬಸವನ ಎಂಬುದನ್ನು ಬಿಟ್ಟರೆ ಗಿರಾಕಿ ದಾರಿ ತಪ್ಪುತ್ತಾನೆ, ಸೇರಿಸಿದರೆ ಹೆಸರು ಮಾರುದ್ದವಾಗುತ್ತದೆ. ಇಂಥ ಸೂಕ್ಷ್ಮ ಬಲ್ಲವನು ಊರಿನವನೇ. ಆ ಹುಡುಗನ ಪಟ್ಟಿಯಲ್ಲಿ ಲಿಂಬೆ, ಒಣದ್ರಾಕ್ಷಿ ಕೂಡಿಸಿದ ಏಳು ಹೆಸರುಗಳಿದ್ದವು. ಉಳಿದವುಗಳಿಗಿಂತ ಅವು ವಾಸಿ ಎಂದು ಅಂದೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಉಳಿದ 24ರ ಕಥೆ ಬೇರೆ. ಹನ್ನೆರಡರಲ್ಲಿ ನಾಲ್ಕು ತಾಲ್ಲೂಕುಗಳ ಹೆಸರಿಗೆ 'ಪ್ಲಾಟ್ಸ್', 'ನ್ಯೂಸ್' ಎಂದೇನೋ ಅಂಟಿಸಿದ್ದ. ಆರು, ಯಾವುದೋ ವಿಡಿಯೋದಲ್ಲಿ ಹೇಳಿದ ಅರ್ಥವಾಗದ ಪದಗಳು. ಆರಕ್ಕೆ ದೊಡ್ಡ ದೊಡ್ಡ ಕಂಪನಿಗಳ ಹೆಸರನ್ನೇ ಸೇರಿಸಿದ್ದ. ಅವರು ಈ ಕಡೆ ಅಂಗಡಿ ತೆರೆದಾಗ ತನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂಬ ಎಣಿಕೆ. ಹುಡುಕಿಕೊಂಡು ಬರುವುದು ವಕೀಲರ ನೋಟೀಸು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ರಾಜ್ಯದ ನ್ಯಾಯಾಲಯದಲ್ಲೇ ಹುಟ್ಟಿದ ಒಂದು ಮೊಕದ್ದಮೆಯಿದೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳಿಂದ 'ಸಿಫಿ' ಎಂಬ ಪದ ಕಟ್ಟಿ 1999ರಲ್ಲಿ ಸಿಫಿನೆಟ್ ಮುಂತಾದ ಡೊಮೇನ್‌ಗಳನ್ನು ಪಡೆದಿತ್ತು. 2001ರಲ್ಲಿ ಇನ್ನೊಂದು ಕಂಪನಿ 'ಎಫ್' ಅಕ್ಷರ ಎರಡು ಹಾಕಿ ಸಿಫ್ಫಿನೆಟ್ ಎಂದು ನೋಂದಾಯಿಸಿಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ರಾಜ್ಯದ ಹೈಕೋರ್ಟು ಅದನ್ನು ತೆಗೆಯಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಒಬ್ಬರ ಹೆಸರಿನ ನೆರಳಲ್ಲಿ ಇನ್ನೊಬ್ಬರು ಸರಕು ದಾಟಿಸುವಂತಿಲ್ಲ ಎಂಬುದು ಅದರ ತಿರುಳು. ಕೋರ್ಟಿಗೆ ಹೋಗದೆಯೂ ದೂರು ಕೊಡುವ ದಾರಿಗಳಿವೆ: ಡಾಟ್ ಕಾಂಗೆ 1999ರಿಂದ, ಡಾಟ್ ಇನ್‌ಗೆ 2005ರ ನಂತರ. ಅಲ್ಲಿ ನೋಡುವುದು ಮೂರು ಅಂಶ: ಹೆಸರು ದೂರುದಾರನ ಟ್ರೇಡ್‌ಮಾರ್ಕಿಗೆ ಹೋಲುತ್ತದೆಯೇ, ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಕ್ಕಿದೆಯೇ, ದುರುದ್ದೇಶವಿದೆಯೇ. 'ನಿಮ್ಮದೇ ಹೆಸರು, ಇಷ್ಟು ಕೊಟ್ಟರೆ ಬಿಡುತ್ತೇನೆ' ಎಂದು ಬರೆದ ಕಾಗದವೇ ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ.

2024ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಜಿಯೋಹಾಟ್‌ಸ್ಟಾರ್ ಪ್ರಸಂಗ ನೆನಪಿರಬಹುದು. ಎರಡು ಕಂಪನಿಗಳು ಕೂಡಬಹುದೆಂದು ಊಹಿಸಿ ದೆಹಲಿಯ ಯುವಕನೊಬ್ಬ ಆ ಹೆಸರನ್ನು ಮೊದಲೇ ಹಿಡಿದು, ವಿದೇಶದ ಓದಿನ ಖರ್ಚನ್ನು ಕೇಳಿದ. ಊಹೆ ಸರಿಯೇ ಆಗಿತ್ತು. ಕಂಪನಿ ಹಣ ಕೊಡಲಿಲ್ಲ, ಕಾನೂನಿನ ಮಾತಾಡಿತು. ಹೆಸರು ಕಡೆಗೆ ದುಬೈಯ ಇಬ್ಬರು ಮಕ್ಕಳ ಕೈಸೇರಿ, ಅವರು ಅದನ್ನು ಕಂಪನಿಗೆ ಹಣವಿಲ್ಲದೆ ಕೊಡುವುದಾಗಿ ಹೇಳಿದರು.

ಊರಿನ ಹೆಸರು ಮಾತ್ರ ಯಾರದೂ ಅಲ್ಲ, ಎಲ್ಲರದೂ ಹೌದು. ಬಾರ್ಸಿಲೋನಾ ಡಾಟ್ ಕಾಂ ಹೆಸರಿಗಾಗಿ ಆ ನಗರದ ಆಡಳಿತವೇ ಹೋರಾಡಿ 2000ದಲ್ಲಿ ಮಧ್ಯಸ್ಥರ ಮುಂದೆ ಗೆದ್ದಿತ್ತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಖಾಸಗಿಯವರ ಪರವಾಗಿ ತೀರ್ಪಿತ್ತಿತು. ಭೌಗೋಳಿಕ ಸೂಚಿಯಿದೆಯಲ್ಲ ಎಂದು ನೀವು ಕೇಳಬಹುದು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಸುಪಾರಿ ಇವಕ್ಕೆಲ್ಲ 2019ರಲ್ಲಿ ಸೂಚಿ ಬಂತು. ಬೇರೆ ಸರಕನ್ನು ಆ ಹೆಸರಿನಲ್ಲಿ ಮಾರಿದರೆ ಕೋರ್ಟಿಗೆ ಹೋಗಲು ಅದು ಬಲ ಕೊಡುತ್ತದೆ. ಡೊಮೇನ್ ದೂರಿನ ದಾರಿ ಟ್ರೇಡ್‌ಮಾರ್ಕಿಗಾಗಿ ಕಟ್ಟಿದ್ದು. ಸೂಚಿಯ ಪತ್ರ ಒಂದನ್ನೇ ಹಿಡಿದು ಹೋದರೆ ಅಲ್ಲಿ ಬಾಗಿಲು ತಾನಾಗಿ ತೆರೆಯದು. ಆದ್ದರಿಂದ ಊರ ಹೆಸರಿನ ವಿಷಯದಲ್ಲಿ ಕಾನೂನನ್ನು ನಂಬಿ ಕೂರುವುದಕ್ಕಿಂತ ಮುಂಚೆ ಎದ್ದು ನೋಂದಾಯಿಸುವುದೇ ಲೇಸು.

ಈಗ ಲೆಕ್ಕ. ಮೊದಲ ವರ್ಷ ರಿಯಾಯಿತಿ ತೋರಿಸಿ ಕಡಿಮೆ ತೆಗೆದುಕೊಳ್ಳುತ್ತಾರೆ. ಎರಡನೆಯ ವರ್ಷದಿಂದ ಒಂದು ಡಾಟ್ ಕಾಂಗೆ ಸಾವಿರ ರೂಪಾಯಿಯ ಮೇಲೆಯೇ ಹಿಡಿಯಬೇಕು. 31 ಹೆಸರಿಗೆ ವರ್ಷಕ್ಕೆ ಮೂವತ್ತೊಂದು ಸಾವಿರಕ್ಕೂ ಮೇಲೆ. ಅಡಿಕೆ ಸಸಿ ಫಲ ಕೊಡುವವರೆಗೆ ನಾವು ಐದಾರು ವರ್ಷ ಕಾಯುತ್ತೇವೆ, ನಿಜ. ಆದರೆ ಫಲ ಬಂದೇ ಬರುವುದೆಂದು ಅಲ್ಲಿ ಗೊತ್ತು, ಮಂಡಿಯಲ್ಲಿ ಅದಕ್ಕೊಂದು ಧಾರಣೆಯೂ ಉಂಟು. ಡೊಮೇನಿಗೆ ಮಂಡಿಯ ಧಾರಣೆಯಿಲ್ಲ. ಬೇಕಾದ ಗಿರಾಕಿ ಒಬ್ಬನಿದ್ದರೆ ಬೆಲೆ, ಇಲ್ಲದಿದ್ದರೆ ಸೊನ್ನೆ. ಹಿಡಿದಿಟ್ಟವುಗಳಲ್ಲಿ ಹೆಚ್ಚಿನವಕ್ಕೆ ಗಿರಾಕಿ ಬರುವುದೇ ಇಲ್ಲ. ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಒಂದು ಹೆಸರಿಗೆ ಹಣ ಕಟ್ಟುವ ಮೊದಲು ಅದನ್ನು ಕೊಳ್ಳಬಹುದಾದ ಮೂರು ಅಂಗಡಿ ಅಥವಾ ಸಂಸ್ಥೆಗಳನ್ನು ಬೆರಳು ಮಡಿಚಿ ಎಣಿಸಲು ಬರಬೇಕು. ಬಾರದಿದ್ದರೆ ಬಿಡುವುದು. ಮಾರಾಟ ಕುದುರಿದರೂ ಹಣ ಮಧ್ಯಸ್ಥ ಸಂಸ್ಥೆಯ ಕೈಸೇರುವವರೆಗೆ ವರ್ಗಾವಣೆಯ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಕೂಡದು. 'ನಿಮ್ಮ ಹೆಸರಿಗೆ ಗಿರಾಕಿ ಇದೆ, ಮೊದಲು ಮೌಲ್ಯಮಾಪನ ಪತ್ರಕ್ಕೆ ಹಣ ಕಟ್ಟಿ' ಎಂದು ಬರುವ ಮೇಲ್‌ಗಳು ಶುದ್ಧ ಮೋಸ.

ಪರೋಪದೇಶವಷ್ಟೇ ಆಗಬಾರದೆಂದು ನಮ್ಮದನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಹೆಸರಿನ ಡಾಟ್ ಕಾಂ ನಮ್ಮ ಕೈಯಲ್ಲೇ ಇತ್ತು. ನವೀಕರಣದ ಸೂಚನೆಗಳು ಕೆಲಸ ಬಿಟ್ಟು ಹೋಗಿದ್ದ ನೌಕರರೊಬ್ಬರ ಮೇಲ್‌ಗೆ ಹೋಗುತ್ತಿದ್ದವು. ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಮೇಲೆ ಹೇಳಿದ 45, 30, 5 ದಿನಗಳೆಲ್ಲ ಕಳೆದು, ಯಾರೋ ಹಿಡಿದು, ಡಾಲರಿನಲ್ಲಿ ಬೆಲೆ ಹೇಳಿದರು. ರೂಪಾಯಿಯಲ್ಲಿ ಅದು ನಮ್ಮ ಕಚೇರಿಯ ಮೂರು ತಿಂಗಳ ಖರ್ಚಿಗಿಂತ ಹೆಚ್ಚು. ಕೊಡಲಿಲ್ಲ. ಡಾಟ್ ಇನ್‌ನಲ್ಲಿ ಬೇರೆ ಹೆಸರು ಮಾಡಿಕೊಂಡೆವು. ಹಳೆಯ ವಿಳಾಸ ಅಚ್ಚಾದ ಕಾಫಿ ಪೊಟ್ಟಣಗಳು ಇನ್ನೂ ಗೋದಾಮಿನಲ್ಲಿವೆ. ತಪ್ಪು ಕಾರ್ಯದರ್ಶಿಯದು, ಎಂದರೆ ನಮ್ಮದು.

ಆದುದರಿಂದ ಮಾರಲು ಹೆಸರು ಹುಡುಕುವ ಮೊದಲು ಸದಸ್ಯರು ತಮ್ಮ ತೋಟದ ಹೆಸರನ್ನು, ತಮ್ಮ ಪುಡಿಯ ಹೆಸರನ್ನು ತಮಗೇ ಬರೆಸಿಕೊಳ್ಳಲಿ. ಸಹಕಾರಿ ಸಂಸ್ಥೆಗಳಿಗಷ್ಟೇ ಮೀಸಲಾದ 'ಡಾಟ್ ಕೋಆಪ್' ಎಂಬ ಬಾಲವೊಂದಿದೆ. ಅದನ್ನು ನಮ್ಮ ಸಂಘಕ್ಕೆ ಪಡೆಯುವ ವಿಚಾರವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ.

ಇಂಡಿಯ ಹುಡುಗ ಈಚೆಗೆ ಫೋನು ಮಾಡಿದ್ದ. ಕಂಪನಿಗಳ ಹೆಸರಿನ ಆರನ್ನು ನಾವು ಹೇಳಿದ ವಾರವೇ ಕೈಬಿಟ್ಟನಂತೆ. ಇನ್ನೂ ಇಪ್ಪತ್ತೊಂದರ ಗೇಣಿ ಕಟ್ಟಲಿಲ್ಲ. ಉಳಿಸಿಕೊಂಡ ನಾಲ್ಕರಲ್ಲಿ ಒಂದನ್ನು ಸೋಲಾಪುರದ ಕಡೆಯ ಒಣದ್ರಾಕ್ಷಿ ವ್ಯಾಪಾರಿ ಒಂಬತ್ತು ಸಾವಿರಕ್ಕೆ ಕೇಳಿದ್ದಾನೆ. "ಕೊಡ್ಲೋ ಬ್ಯಾಡೋ, ಕಾಕಾ?" ಎಂದ. ಲಿಂಬೆಯದನ್ನು ಮಾತ್ರ ಮಾರಬೇಡ, ಅಪ್ಪನ ಹಣ್ಣಿಗೆ ಇಟ್ಟುಕೋ ಎಂದೆವು. ಅಪ್ಪನಿಗೆ ಈಗ ಹೇಳಿದ್ದಾನಂತೆ.

ತೋಟದ ಹೆಸರು ನೋಂದಾಯಿಸಬಯಸುವ ಸದಸ್ಯರು ಕಚೇರಿ ವೇಳೆಯಲ್ಲಿ ಬಂದರೆ ನಮ್ಮ ಗುಮಾಸ್ತರು ತೋರಿಸಿಕೊಡುವರು. ಹಣ ಕಟ್ಟುವ ಖಾತೆ, ಮೇಲ್ ವಿಳಾಸ, ಮೊಬೈಲ್ ನಂಬರು ಮೂರೂ ಸದಸ್ಯರವೇ ಆಗಿರತಕ್ಕದ್ದು. ಮಗನದೂ ಬೇಡ, ಗುಮಾಸ್ತರದೂ ಬೇಡ.