ಅರೆಬರೆ ದತ್ತಾಂಶ ಹಿಡಿದು ಸಮ್ಮೇಳನದ ವೇದಿಕೆ ಹತ್ತಬಹುದೇ?

ಧಾರಾಳವಾಗಿ ಹತ್ತಿ. ಆರಂಭದ ಹಂತದ್ದೆಂದು ಮೊದಲ ಸ್ಲೈಡಿನಲ್ಲೇ ಹೇಳಿಬಿಡಿ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ತಾಲ್ಲೂಕುಗಳನ್ನೂ ಒಂದೇ ಸರಾಸರಿಗೆ ಕಟ್ಟಬೇಡಿ. ಕೆ.ಆರ್. ನಗರದ ನಾಲೆ ಬಯಲಿಗೂ ನಾಗರಹೊಳೆ ಅಂಚಿನ ಜೇನುಕುರುಬರ ಹಾಡಿಗೂ ಸಿಗ್ನಲ್ಲೇ ಬೇರೆ. ಹಾಡಿಗಳಿಂದ ನಿಮ್ಮ ಗರ್ಭಿಣಿಯರ ಆರೋಗ್ಯದ ಆ್ಯಪ್‌ಗೆ ಮಾಹಿತಿ ಬರಲಿಲ್ಲವೆಂದು ಕೊರಗಿದ್ದೀರಿ. ನನ್ನ ಮಟ್ಟಿಗೆ ಅದೇ ನಿಮ್ಮ ಮುಖ್ಯ ಫಲಿತಾಂಶ. ನೆಟ್‌ವರ್ಕ್ ಇರಲಿಲ್ಲವೇ? ಫೋನ್ ಗಂಡನ ಜೇಬಿನಲ್ಲಿತ್ತೇ? ಆಶಾ ಕಾರ್ಯಕರ್ತೆ ಪುಸ್ತಕದಲ್ಲಿ ಬರೆದಿಟ್ಟು, ಆ್ಯಪ್‌ಗೆ ತುಂಬುವಷ್ಟರಲ್ಲಿ ಸುಸ್ತಾದರೇ? ಹಾಡಿಯವರನ್ನೂ ಆಶಾ ಕಾರ್ಯಕರ್ತೆಯರನ್ನೂ ಕೇಳಿ. ಸ್ಲೈಡಿನಲ್ಲಿ ಹಾಡಿಯ ಹೆಸರು ಮಾತ್ರ ಬೇಡ: ಹತ್ತಾರು ಮನೆಗಳ ಜಾಗದಲ್ಲಿ ‘ಒಬ್ಬ ಗರ್ಭಿಣಿ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಆಸ್ಪತ್ರೆ ಸರಗೂರಿನಲ್ಲಿದೆ. ಸಮ್ಮೇಳನಕ್ಕೆ ಮುಂಚೆ ಅಲ್ಲಿನವರೆದುರು ಒಮ್ಮೆ, ಕನ್ನಡದಲ್ಲೇ, ಮಂಡಿಸಲು ಅವಕಾಶ ಕೇಳಿ.