ವಿದ್ಯುತ್ ಗಿಟಾರ್: ಹವ್ಯಾಸಿಯ ಲಯಸಾಧನೆ, ಸಲಕರಣೆ ಮತ್ತು ಆರೋಗ್ಯ

ಶ್ರುತಿ ತಾಯಿ, ಲಯ ತಂದೆ ಎಂಬುದು ಸಂಗೀತ ಬಲ್ಲವರ ಹಳೆಯ ಮಾತು. ಇಂದಿನ ದಿನಗಳಲ್ಲಿ ತಾಯಿಯ ಅನುಗ್ರಹ ಸುಲಭವಾಗಿಯೇ ದೊರೆಯುತ್ತದೆ. ಗಿಟಾರಿನ ಆರು ತಂತಿಗಳನ್ನು ಶ್ರುತಿಗೂಡಿಸಲು ಅಂಗೈಯಲ್ಲಿ ಅಡಗುವ ಯಂತ್ರವೊಂದು ಸಾಕು; ಮುಳ್ಳು ನಡುವೆ ನಿಂತರೆ ಕೆಲಸ ಮುಗಿಯಿತು. ಲಯವನ್ನು ಹೀಗೆ ಮುಳ್ಳು ನೋಡಿ ಸರಿಪಡಿಸಿಕೊಳ್ಳಲು ಬರುವುದಿಲ್ಲ. ಅದು ನುಡಿಸುವವನ ಮೈಯೊಳಗೆ ನೆಲೆಗೊಳ್ಳಬೇಕಾದುದು. ಕಚೇರಿಯ ಕೆಲಸ ಮುಗಿಸಿ, ಸಂಜೆ ಅರ್ಧ ಗಂಟೆಯೋ ಒಂದು ಗಂಟೆಯೋ ವಾದ್ಯ ಹಿಡಿಯುವ ಹವ್ಯಾಸಿಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಮಾತನ್ನು ಪರೋಪದೇಶವಾಗಿ ಹೇಳುತ್ತಿಲ್ಲ. ಹೈದರಾಬಾದಿನಲ್ಲಿ ನೆಲೆಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ನಾನು ಈ ವಾದ್ಯವನ್ನು ಕೈಗೆತ್ತಿಕೊಂಡೆ. ಒಂದು ರಾಜ್ಯೋತ್ಸವದ ಸಂಜೆ ಭಾವಗೀತೆಗಳಿಗೆ ಜೊತೆವಾದನ ಮಾಡುವ ಅವಕಾಶ ಬಂತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನಾನು ತಬಲೆಯನ್ನು ಹಿಂದೆ ಬಿಟ್ಟು ಓಡುತ್ತಿದ್ದೆ. ಹಾಡುತ್ತಿದ್ದ ಸೋದರಿಗೆ ಯಾರನ್ನು ಅನುಸರಿಸಬೇಕೆಂಬುದೇ ತಿಳಿಯದೆ ಅರೆಕ್ಷಣ ಹಾಡು ನಿಂತಿತು. ತಪ್ಪು ನನ್ನದಾಗಿದ್ದರೂ ಅದನ್ನು ಸಲಕರಣೆಯ ಮೇಲೆ ಹೊರಿಸಿದೆ. ಎರಡು ಹೊಸ ಪೆಡಲುಗಳನ್ನೂ ದೊಡ್ಡದೊಂದು ಆಂಪ್ಲಿಫೈಯರನ್ನೂ ಕೊಂಡೆ. ಚಿಕ್ಕ ಕೋಣೆಯೊಂದರಲ್ಲಿ ಮೂರು ಗಂಟೆ ತಾಲೀಮು ನಡೆಯಿತು. ಲಯ ಇದ್ದಲ್ಲಿಯೇ ಇತ್ತು. ಹೊಸದಾಗಿ ದೊರೆತದ್ದು, ಎರಡು ದಿನ ಬಿಡದೆ ಕಿವಿಯಲ್ಲಿ ಗುಂಯ್‌ಗುಟ್ಟಿದ ಸದ್ದು. ಪರೀಕ್ಷಿಸಿದ ವೈದ್ಯರು, “ಈ ಸಲ ಕಿವಿ ಕ್ಷಮಿಸಿದೆ, ಪ್ರತಿ ಸಲವೂ ಕ್ಷಮಿಸುವುದಿಲ್ಲ” ಎಂದರು. ಆ ಬಳಿಕ ಕಲಿತ ಪಾಠಗಳನ್ನು ನಮ್ಮ ಬಳಗದ ಹವ್ಯಾಸಿಗಳಿಗೂ, ಗಿಟಾರ್ ಕಲಿಯುವ ಮಕ್ಕಳ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ವಾದ್ಯದ ಸ್ವಭಾವ

ವಿದ್ಯುತ್ ಗಿಟಾರಿಗೆ ಸಾಮಾನ್ಯ ಗಿಟಾರಿನ ಟೊಳ್ಳು ಒಡಲು ಬೇಕಿಲ್ಲ. ತಂತಿಗಳ ಕೆಳಗೆ ‘ಪಿಕಪ್’ ಎಂಬ ಭಾಗವಿರುತ್ತದೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಕಂಪಿಸಿದಾಗ ಈ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್‌ಕಾಂತ ಪ್ರೇರಣೆಯೇ ಇದರ ಮೂಲತತ್ತ್ವ. 1930ರ ದಶಕದ ಆದಿಯಲ್ಲಿ ಅಮೆರಿಕದಲ್ಲಿ ಈ ಬಗೆಯ ಗಿಟಾರುಗಳು ಮಾರಾಟಕ್ಕೆ ಬಂದವು.

ಪರದೇಶದ ವಾದ್ಯವೆಂದು ಸಂಕೋಚಪಡಬೇಕಾಗಿಲ್ಲ. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014) ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ಲೋಕವನ್ನು ಬೆರಗುಗೊಳಿಸಿದರು. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನನ್ನು ಕಛೇರಿಯ ವೇದಿಕೆಗೆ ತಂದರು. ಕನ್ನಡ ಚಿತ್ರಗೀತೆಗಳಿಗೆ ಅಪಾರ ಸೇವೆ ಸಲ್ಲಿಸಿದ ಜಿ. ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಇಳಯರಾಜಾ ಅವರು ಒಂದು ಕಾಲಕ್ಕೆ ಗಿಟಾರ್ ನುಡಿಸುತ್ತಿದ್ದರು. ವಾದ್ಯ ಎಲ್ಲಿಯದಾದರೂ ಲಯ ಎಲ್ಲರಿಗೂ ಒಂದೇ.

ವಿದ್ಯುತ್ತು ಸೇರಿದಾಗ ಎರಡು ಬದಲಾವಣೆಗಳಾಗುತ್ತವೆ. ಹಗುರವಾದ ಸ್ಪರ್ಶವೂ ದೊಡ್ಡ ನಾದವಾಗುವುದು ಮೊದಲನೆಯದು. ಹುಟ್ಟಿದ ನಾದ ಬಹಳ ಹೊತ್ತು ಉಳಿಯುವುದು ಎರಡನೆಯದು. ಆದಕಾರಣ ಸ್ವರ ಎಲ್ಲಿ ಆರಂಭವಾಗುತ್ತದೆ ಎಂಬಷ್ಟೇ ಮುಖ್ಯವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಗಮನಿಸಬೇಕು. ಅಂಗೈಯ ಅಂಚಿನಿಂದ ತಂತಿಯನ್ನು ಮುಟ್ಟಿ ನಾದವನ್ನು ನಿಲ್ಲಿಸಲು ಕಲಿಯದವನಿಗೆ ಲಯದ ಅರ್ಧಭಾಗ ಮಾತ್ರ ತಿಳಿದಂತೆ.

ಲಯ ತಪ್ಪುವುದೇಕೆ?

ಹವ್ಯಾಸಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಮೂರು. ‘ಕಾರ್ಡ್’ ಎಂಬ ಸ್ವರಗುಚ್ಛವನ್ನು ಬದಲಿಸುವಾಗ ಎಡಗೈ ತಡಮಾಡುತ್ತದೆ. ಆ ನಷ್ಟವನ್ನು ತುಂಬಲು ಮುಂದಿನ ಭಾಗದಲ್ಲಿ ಬಲಗೈ ಧಾವಿಸುತ್ತದೆ. ಎರಡನೆಯದಾಗಿ, ಸುಲಭವಾದ ಭಾಗದಲ್ಲಿ ನಮಗರಿವಿಲ್ಲದೆ ವೇಗ ಏರಿ ಕಠಿಣವಾದ ಭಾಗದಲ್ಲಿ ಇಳಿಯುತ್ತದೆ. ಮೂರನೆಯದು ವೇದಿಕೆಯ ಉದ್ವೇಗ. ಎದೆಬಡಿತ ಹೆಚ್ಚಿದಾಗ ಮನೆಯಲ್ಲಿ ಸರಿಯೆನಿಸಿದ ನಡೆಯೇ ನಿಧಾನವೆನಿಸಿ ಕೈ ಮುಂದೆ ಓಡುತ್ತದೆ. ಯಾವ ಅಂಗಡಿಯಲ್ಲಿಯೂ ಈ ಮೂರಕ್ಕೆ ಮದ್ದು ಸಿಕ್ಕುವುದಿಲ್ಲ.

ಅರ್ಧ ಗಂಟೆಯ ಸಾಧನಾಕ್ರಮ

ತಾಳ ಹಾಕಿ ಸರಳೆವರಸೆ ಹಾಡುತ್ತಿದ್ದ ಬಾಲ್ಯವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಆ ಪಾಠಕ್ರಮವೇ ಗಿಟಾರಿಗೂ ಉತ್ತಮವಾದ ಲಯಸಾಧನೆ. ಅದರ ಜೊತೆಗೆ ಮೆಟ್ರೊನೋಮ್ ಒಂದಿದ್ದರೆ ಸಾಕು. 1815ರಲ್ಲಿ ಮೆಲ್ಟ್‌ಸೆಲ್ ಹಕ್ಕುಪತ್ರ ಪಡೆದ ಈ ಟಿಕ್‌ಟಿಕ್ ಯಂತ್ರ ಇಂದು ಕೈಫೋನಿನಲ್ಲಿಯೂ ದೊರೆಯುತ್ತದೆ.

1. ಮೊದಲ ಐದು ನಿಮಿಷ ವಾದ್ಯವನ್ನು ಮುಟ್ಟಬೇಡಿ. ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಆದಿತಾಳದ ಎಂಟು ಅಕ್ಷರಗಳನ್ನು ಕೈಯಲ್ಲಿ ಹಾಕುತ್ತ ಸ್ವರಗಳನ್ನು ಬಾಯಲ್ಲಿ ಹೇಳಿ. ಬಾಯಿಗೆ ಬಾರದ ಲಯ ಬೆರಳಿಗೆ ಬಾರದು.

2. ಮುಂದಿನ ಐದು ನಿಮಿಷ ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಇರಿಸಿ, ನಾದ ಹೊರಡದಂತೆ ಮಾಡಿ, ಬಲಗೈಯಿಂದ ಮಾತ್ರ ನುಡಿಸಿ. ಕೇಳಿಸುವುದು ಟಕ್ ಟಕ್ ಎಂಬ ಪೆಟ್ಟು ಮಾತ್ರ. ಸ್ವರದ ಸೊಗಸು ಮರೆಯಾದಾಗ ಲಯದ ದೋಷ ತಾನಾಗಿ ಬಯಲಾಗುತ್ತದೆ.

3. ಹತ್ತು ನಿಮಿಷ ಒಂದು ವರಸೆಯನ್ನು ಮೂರು ಕಾಲಗಳಲ್ಲಿ ನುಡಿಸಿ. ಯಂತ್ರದ ವೇಗ ಬದಲಾಗಕೂಡದು. ಪೆಟ್ಟಿಗೆ ಒಂದು, ಬಳಿಕ ಎರಡು, ಬಳಿಕ ನಾಲ್ಕು ಸ್ವರ. ಮೂರು ಸಲ ತಪ್ಪಿಲ್ಲದೆ ಬಂದರೆ ಮಾತ್ರ ಮರುದಿನ 64ಕ್ಕೆ ಏರಿಸಿ. ತಪ್ಪಿದರೆ 56ಕ್ಕೆ ಇಳಿಸಲು ನಾಚಿಕೆ ಬೇಡ.

4. ಐದು ನಿಮಿಷ ನಿಮಗೆ ತೊಡಕಾದ ಎರಡು ಕಾರ್ಡುಗಳನ್ನು ಮಾತ್ರ ಬದಲಿಸುತ್ತಿರಿ. ಹಾಡಿನ ಉಳಿದ ಭಾಗದ ಗೊಡವೆ ಬೇಡ.

5. ಕೊನೆಯ ಐದು ನಿಮಿಷ ಪರೀಕ್ಷೆ. ಯಂತ್ರವನ್ನು 30ಕ್ಕೆ ಇಳಿಸಿ, ಅದರ ಒಂದೊಂದು ಪೆಟ್ಟನ್ನೂ ಎರಡೆರಡು ಅಕ್ಷರಕ್ಕೆ ಒಮ್ಮೆ ಬರುವುದೆಂದು ಎಣಿಸಿ ನುಡಿಸಿ. ಎರಡು ಆವರ್ತ ಸದ್ದು, ಎರಡು ಆವರ್ತ ಮೌನ ಎಂದು ನಿಗದಿಮಾಡುವ ಅನುಕೂಲವೂ ಕೆಲವು ಯಂತ್ರಗಳಲ್ಲಿದೆ. ಮೌನದ ಬಳಿಕ ಯಂತ್ರವೂ ನೀವೂ ಒಂದೇ ಕಡೆ ಸೇರಿದರೆ ಲಯ ನಿಮ್ಮೊಳಗೆ ಬಂದಿದೆ ಎಂದರ್ಥ.

ವಾರಕ್ಕೊಮ್ಮೆ ನಿಮ್ಮ ವಾದನವನ್ನು ಧ್ವನಿಮುದ್ರಿಸಿ, ಮರುದಿನ ಕೇಳಿ. ನುಡಿಸುವಾಗ ಕೇಳಿಸದ ತಪ್ಪುಗಳೆಲ್ಲ ಮರುದಿನ ಕೇಳಿಸುತ್ತವೆ.

ನಾದ ತಡವಾದಾಗ

ಲಯದೋಷವೆಂದು ನಾವು ಭಾವಿಸುವುದು ಕೆಲವೊಮ್ಮೆ ನಾದ ಕಿವಿಗೆ ತಡವಾಗಿ ತಲುಪುವುದರ ಫಲ. ಶಬ್ದವು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ತಬಲೆ 10 ಮೀಟರ್ ದೂರದಲ್ಲಿದ್ದರೆ 30 ಮಿಲಿಸೆಕೆಂಡು ತಡವಾಯಿತು. ಆದುದರಿಂದ ವೇದಿಕೆಯಲ್ಲಿ ತಾಳವಾದ್ಯದ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕು. ಬ್ಲೂಟೂತ್ ಕಿವಿಯಂತ್ರಗಳಲ್ಲಿ ವಿಳಂಬ ಇನ್ನೂ ಹೆಚ್ಚು. 100ರಿಂದ 200 ಮಿಲಿಸೆಕೆಂಡು ತಡವಾಗುವುದು ಸಾಮಾನ್ಯ. ನಿಮಿಷಕ್ಕೆ 120ರ ವೇಗದಲ್ಲಿ ಒಂದು ಪೆಟ್ಟಿನ ಕಾಲುಭಾಗವೇ 125 ಮಿಲಿಸೆಕೆಂಡು! ಗಿಟಾರಿನ ದನಿಯನ್ನು ಇಂಥ ಕಿವಿಯಂತ್ರದಲ್ಲಿ ಕೇಳುತ್ತ ಲಯಸಾಧನೆ ಮಾಡುವುದು ವ್ಯರ್ಥಶ್ರಮ. ತಂತಿಯಿರುವ ಕಿವಿಯಂತ್ರವನ್ನೇ ಬಳಸಿರಿ.

ಮಾರ್ದನಿ ಕೊಡುವ ‘ಡಿಲೇ’ ಪೆಡಲು ಹಾಡಿನ ನಡೆಗೆ ಹೊಂದದಿದ್ದರೆ ಅದೂ ಲಯಕ್ಕೆ ಕಂಟಕ. 60,000ವನ್ನು ಹಾಡಿನ ವೇಗದಿಂದ ಭಾಗಿಸಿದರೆ ಒಂದು ಪೆಟ್ಟಿನ ಅವಧಿ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ. ವೇಗ 90 ಆದರೆ 667. ಅದರ ಅರ್ಧ 333. ಮಾರ್ದನಿಯನ್ನು ಈ ಎರಡರಲ್ಲೊಂದಕ್ಕೆ ಹೊಂದಿಸಿದರೆ ಅದು ತಾಳದೊಡನೆ ಕೂಡಿಕೊಳ್ಳುತ್ತದೆ. ಲಯ ಕುದುರುವ ತನಕ ಅದನ್ನು ಬಳಸದಿರುವುದೇ ಮೇಲು.

ಸಲಕರಣೆಗಳ ಪಾಲನೆ

ಹೈದರಾಬಾದಿನ ಏಪ್ರಿಲ್–ಮೇ ತಿಂಗಳ ಒಣಬಿಸಿಲಿನಲ್ಲಿ ಮರ ಒಣಗಿ ಕುಗ್ಗುತ್ತದೆ. ಜೂನ್ ಬಳಿಕ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ಗಿಟಾರಿನ ಕತ್ತು ಬಾಗಿ, ತಂತಿಗಳು ಮೆಟ್ಟುಗಳಿಗೆ ತಗುಲಿ ಜಿರ್ರೆನ್ನುವುದು ಈ ಋತುಸಂಧಿಯಲ್ಲಿಯೇ. ವಾದ್ಯವನ್ನು ಏರ್‌ಕೂಲರಿನ ಎದುರಿನಲ್ಲಾಗಲಿ ಬಿಸಿಲಿನಲ್ಲಿ ನಿಂತ ಕಾರಿನಲ್ಲಾಗಲಿ ಇಡಬಾರದು, ಪೆಟ್ಟಿಗೆಯಲ್ಲಿಯೇ ಇಡಬೇಕು. ಕತ್ತಿನೊಳಗಿನ ಸರಳನ್ನು ತಿರುಗಿಸುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ನುಡಿಸಿದ ಬಳಿಕ ಒಣಬಟ್ಟೆಯಿಂದ ತಂತಿಗಳ ಬೆವರೊರೆಸಿದರೆ ತುಕ್ಕು ಹಿಡಿಯುವುದು ತಡವಾಗುತ್ತದೆ.

ಪೆಡಲುಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಬಹುಪಾಲು ಪೆಡಲುಗಳಿಗೆ 9 ವೋಲ್ಟ್ ಬೇಕು. ಅಡಾಪ್ಟರಿನ ನಡುಕಡ್ಡಿ ಸಾಮಾನ್ಯವಾಗಿ ಋಣ, ಹೊರಭಾಗ ಧನ. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರನ್ನು ಗುರುತು ನೋಡದೆ ಚುಚ್ಚಿದರೆ ಪೆಡಲು ಸುಡಬಹುದು. ಎರಡನೆಯದು, ಕಾರ್ಯಕ್ರಮದ ನಡುವೆ ದನಿ ನಿಂತರೆ ಗಾಬರಿಗೊಂಡು ಎಲ್ಲವನ್ನೂ ಕೀಳಬೇಡಿ. ಗಿಟಾರನ್ನು ಒಂದೇ ಕೇಬಲ್ಲಿನಿಂದ ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ. ದನಿ ಬಂದರೆ ದೋಷ ಪೆಡಲುಗಳಲ್ಲಿ. ಬಾರದಿದ್ದರೆ ಕೇಬಲ್ಲನ್ನು ಬದಲಿಸಿ ನೋಡಿ. ಹೆಚ್ಚಿನ ಸಲ ಕೆಟ್ಟಿರುವುದು ಕೇಬಲ್ಲೇ. ಜೋಳಿಗೆಯಲ್ಲಿ ಇನ್ನೊಂದು ಕೇಬಲ್, ಒಂದು ಜೊತೆ ತಂತಿ, ನಾಲ್ಕಾರು ಪಿಕ್ಕುಗಳು ಇರಲಿ.

ವಿದ್ಯುತ್ತಿನ ಅಪಾಯ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಆಂಪ್ಲಿಫೈಯರುಗಳಲ್ಲಿ ಹಲವು 120 ವೋಲ್ಟಿನವು; ನಮ್ಮ ಮನೆಗಳಲ್ಲಿರುವುದು 230 ವೋಲ್ಟ್. ಹಿಂಬದಿಯ ಫಲಕವನ್ನು ಓದದೆ ಪ್ಲಗ್ ಚುಚ್ಚಿದರೆ ಕ್ಷಣದಲ್ಲಿ ಹೊಗೆ. ಅದರ ವಾಟ್‌ಗಿಂತ ಹೆಚ್ಚು ಸಾಮರ್ಥ್ಯದ, ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅವಶ್ಯಕ.

ಆಂಪ್ಲಿಫೈಯರ್ ಗುಂಯ್‌ಗುಟ್ಟುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ಕೆಲವರಲ್ಲಿದೆ. ಇದು ಪ್ರಾಣಾಂತಿಕ. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಒಡಲಿಗೆ ಸೇರಿಕೊಂಡಿರುತ್ತವೆ. ಒಂದು ಕೈ ತಂತಿಯ ಮೇಲಿದ್ದು, ದೋಷವಿರುವ ಮೈಕಿಗೆ ತುಟಿಯೋ ಇನ್ನೊಂದು ಕೈಯೋ ತಗುಲಿದರೆ ವಿದ್ಯುತ್ತು ಮೈಮೂಲಕ ಹರಿಯುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟ. ಹಳೆಯ ಕಟ್ಟಡಗಳಲ್ಲಿ, ಪೆಂಡಾಲುಗಳಲ್ಲಿ ನುಡಿಸುವ ಮುನ್ನ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿರಿ. ಮನೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ ಇರಲಿ. ಗುಂಯ್‌ಗುಟ್ಟುವಿಕೆಗೆ ಫ್ಯಾನಿನ ರೆಗ್ಯುಲೇಟರೋ ದೀಪವೋ ಕಾರಣವಾಗಿರಬಹುದು. ಅವನ್ನು ಒಂದೊಂದಾಗಿ ಆರಿಸಿ ನೋಡಿ. ವಾಲ್ವ್ ಆಂಪ್ಲಿಫೈಯರಿನ ಒಳಗೆ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ, ಅದನ್ನು ಬಿಚ್ಚಲೇಬಾರದು.

ಕಿವಿ ಮತ್ತು ಕೈ

ಹವ್ಯಾಸಿಯ ಮೊದಲ ಸಲಕರಣೆ ಕಿವಿ. ಅದರ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ ಮಾತ್ರ. ಚಿಕ್ಕ ಕೋಣೆಯ ಬ್ಯಾಂಡ್ ತಾಲೀಮಿನಲ್ಲಿ 100 ಮುಟ್ಟುವುದು ಕಷ್ಟವಲ್ಲ. ಸಂಗೀತಗಾರರಿಗಾಗಿಯೇ ಮಾಡಿದ ಕಿವಿಬೆಣೆಗಳು ದೊರೆಯುತ್ತವೆ. ಕಿವಿಯಲ್ಲಿ ಸದ್ದು ಉಳಿದರೆ, ಮಾತು ಮಸುಕಾಗಿ ಕೇಳಿಸಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ನೆರೆಯವರ ಕಿವಿಯೂ ಕಿವಿಯೇ: 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ.

ಗಿಟಾರಿನ ತೂಕ 3ರಿಂದ 4 ಕಿಲೋಗ್ರಾಮಿಗೂ ಮಿಗಿಲು. ಅಗಲವಾದ ಪಟ್ಟಿ ಭುಜಕ್ಕೆ ಹಿತ. ಮಣಿಕಟ್ಟನ್ನು ಬಹಳ ಬಾಗಿಸಬಾರದು. ದಿನವಿಡೀ ಕಂಪ್ಯೂಟರಿನ ಮುಂದೆ ಕೈ ದಣಿಸಿದವರು ಹತ್ತು ನಿಮಿಷ ಕೈಗೆ ವಿಶ್ರಾಂತಿಯಿತ್ತು ಬಳಿಕ ನುಡಿಸಲಿ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಲ್ಲಿಸಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ಬೆರಳು ಮಡಚಿದಲ್ಲಿ ಸಿಕ್ಕಿಕೊಳ್ಳುವುದು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಮಧುಮೇಹವುಳ್ಳವರಲ್ಲಿ ಇವು ಹೆಚ್ಚು. ನೋವನ್ನು ಸಹಿಸಿ ನುಡಿಸುವುದು ಸಾಧನೆಯಲ್ಲ.

ಉಪಸಂಹಾರ

ಮರುವರ್ಷದ ರಾಜ್ಯೋತ್ಸವಕ್ಕೆ ಅದೇ ಹಳೆಯ ಗಿಟಾರ್, ಒಂದು ಕೇಬಲ್, ಚಿಕ್ಕ ಆಂಪ್ಲಿಫೈಯರ್ ಇಷ್ಟನ್ನೇ ಒಯ್ದೆ. ಪೆಡಲುಗಳು ಮನೆಯಲ್ಲಿದ್ದವು. ತಬಲೆಯ ಪಕ್ಕದಲ್ಲಿ ಕುಳಿತು, ಅದೇ ಸೋದರಿಯ ಹಾಡಿಗೆ ಜೊತೆಗೂಡಿದೆ. ಕಾರ್ಯಕ್ರಮ ಮುಗಿದ ಮೇಲೆ ಕಲಬುರಗಿ ಕಡೆಯ ವೃದ್ಧೆಯೊಬ್ಬರು ಬಳಿಗೆ ಬಂದು, “ಈ ಸಲ ನಿಮ್ಮ ಗಿಟಾರ್ ಕೇಳಿಸ್ಲೇ ಇಲ್ರೀ, ಬರೇ ಹಾಡು ಕೇಳಿಸ್ತು” ಎಂದರು. ಜೊತೆವಾದಕನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ.

ಹೊಸ ಸಲಕರಣೆ ಕೊಳ್ಳುವ ಮುನ್ನ ಮೂರು ತಿಂಗಳು ಈ ಅರ್ಧ ಗಂಟೆಯ ಕ್ರಮವನ್ನು ಪಾಲಿಸಿ ನೋಡಿರಿ. ಹಣವೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ, ಲಯವೂ ಕೈಗೂಡುತ್ತದೆ.