ಹಳೆಯ ಯಂತ್ರಗಳ ಆಯುಷ್ಯ ಮತ್ತು ನಿರ್ವಹಣಾ ತಂತ್ರಾಂಶ

1841ರಲ್ಲಿ ಬಾಸೆಲ್ ಮಿಷನ್ ಬಲ್ಮಠದಲ್ಲಿ ಮುದ್ರಣಾಲಯ ಆರಂಭಿಸಿದಂದಿನಿಂದ ಇಂದಿನವರೆಗೂ ಮಂಗಳೂರಿನ ಹವೆ ಯಂತ್ರಗಳಿಗೆ ಹಿತವಾದುದಲ್ಲ. ಸಮುದ್ರದ ಉಪ್ಪುಗಾಳಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತೇವವೂ ಕಬ್ಬಿಣವನ್ನು ಬೇಗ ತಿನ್ನುತ್ತವೆ. ಆದರೂ ಇಲ್ಲಿನ ಮುದ್ರಣಾಲಯ, ಹೆಂಚಿನ ಕಾರ್ಖಾನೆ ಹಾಗೂ ಗೇರುಬೀಜದ ಕಾರ್ಖಾನೆಗಳಲ್ಲಿ ಹಳೆಯ ಯಂತ್ರಗಳು ದುಡಿಯುತ್ತಿರುವುದು ಸಾಮಾನ್ಯ. ಅವುಗಳನ್ನು ದುರಸ್ತಿ ಮಾಡಿಸಿ ನಡೆಸಬೇಕೋ, ಸಾಲ ತೆಗೆದು ಹೊಸತನ್ನು ಕೊಳ್ಳಬೇಕೋ ಎಂಬ ಪ್ರಶ್ನೆಗೆ ಬಹುಪಾಲು ಉದ್ಯಮಿಗಳು ಅಂದಾಜಿನ ಮೇಲೆಯೇ ಉತ್ತರ ಕಂಡುಕೊಳ್ಳುತ್ತಾರೆ.

ಲೆಕ್ಕಪುಸ್ತಕದ ಆಯುಷ್ಯ ಈ ಪ್ರಶ್ನೆಗೆ ಉತ್ತರವಾಗದು. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷ, ಬಾಡಿಗೆಗೆ ಓಡಿಸುವ ಬಸ್ಸು ಲಾರಿಗಳಿಗೆ 6 ವರ್ಷ ಎಂದು ನಿಗದಿಪಡಿಸಿದೆ. ಯಂತ್ರದ ಲೆಕ್ಕವಿಡುವ ಗಣಕಯಂತ್ರಕ್ಕಾದರೋ ಕೇವಲ 3 ವರ್ಷ! ಇವು ಸವಕಳಿಯ ಲೆಕ್ಕಕ್ಕಾಗಿ ಇರುವ ಅವಧಿಗಳು. ಸಕಾಲದಲ್ಲಿ ಎಣ್ಣೆ, ಗ್ರೀಸ್ ಕಂಡ ಯಂತ್ರ 15 ವರ್ಷ ದಾಟಿಯೂ ನಡೆಯುತ್ತದೆ. ಕಾಣದ ಯಂತ್ರ ಐದೇ ವರ್ಷಕ್ಕೆ ಗುಜರಿ ಸೇರಬಹುದು.

ಮೂರು ಆಫ್‌ಸೆಟ್ ಯಂತ್ರಗಳಿರುವ ಒಂದು ಮುದ್ರಣಾಲಯವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ವರ್ಷದ ಕೊನೆಗೆ ದುರಸ್ತಿ ಖಾತೆಯಲ್ಲಿ ರೂ. 3,60,000 ಕಾಣುತ್ತದೆ. ಮಾಲೀಕರು ಗಾಬರಿಗೊಂಡು, ರೂ. 40 ಲಕ್ಷ ಸಾಲದಲ್ಲಿ ಹೊಸ ಯಂತ್ರ ತರಲು ಮುಂದಾಗುತ್ತಾರೆ. ಶೇ. 10ರಂತೆ ಮೊದಲ ವರ್ಷದ ಬಡ್ಡಿಯೇ ಸುಮಾರು ರೂ. 4 ಲಕ್ಷ. ಅದೇ ಖರ್ಚನ್ನು ಯಂತ್ರವಾರು ಬಿಡಿಸಿದರೆ ಮೊದಲನೆಯದಕ್ಕೆ ರೂ. 50,000, ಎರಡನೆಯದಕ್ಕೆ ರೂ. 70,000, ಮೂರನೆಯದಕ್ಕೆ ರೂ. 2,40,000 ಎಂದು ತಿಳಿಯುತ್ತದೆ. ಮೂರನೆಯದರ ಖರ್ಚಿನಲ್ಲಿ ರೂ. 1,50,000 ಮಳೆಗಾಲದಲ್ಲಿ ಮತ್ತೆ ಮತ್ತೆ ಕೆಟ್ಟ ರೋಲರ್ ಬೇರಿಂಗುಗಳಿಗೆ ಹೋಗಿದೆ. ಅಂದರೆ ದೋಷವಿರುವುದು ಒಂದು ಯಂತ್ರದ ಒಂದು ಭಾಗದಲ್ಲಿ, ಬಹುಶಃ ತಪ್ಪಿಹೋದ ಗ್ರೀಸಿನ ಸರದಿಯಲ್ಲಿ. ದುರಸ್ತಿ ಖಾತೆಯ ಒಂದೇ ಮೊತ್ತ ಇದನ್ನು ಎಂದಿಗೂ ಹೇಳಲಾರದು.

ನಿರ್ವಹಣಾ ತಂತ್ರಾಂಶದ ನಿಜವಾದ ಉಪಯೋಗ ಇಷ್ಟೇ: ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ, ಅದು ಓಡಿದ ಗಂಟೆ ಅಥವಾ ಕಿಲೋಮೀಟರು, ಮುಂದಿನ ಸರ್ವಿಸಿನ ದಿನ, ಬಳಸಿದ ಬಿಡಿಭಾಗ, ನಿಂತ ಅವಧಿ ಮತ್ತು ನಿಂತ ಕಾರಣ. ಮಾರಾಟಗಾರರು ತೋರಿಸುವ ಬಣ್ಣಬಣ್ಣದ ಪರದೆಗಳಿಗೆ ಮರುಳಾಗಬೇಕಿಲ್ಲ. ಹತ್ತಕ್ಕಿಂತ ಕಡಿಮೆ ಯಂತ್ರಗಳಿದ್ದವರಿಗೆ ಸಾಮಾನ್ಯ ಎಕ್ಸೆಲ್ ಹಾಳೆಯೇ ಸಾಕು. ಬಾಯ್ಲರ್ ತಪಾಸಣೆ, ವಾಹನಗಳ ಅರ್ಹತಾ ಪತ್ರ ಇವುಗಳ ಗಡುವನ್ನೂ ಅದು ನೆನಪಿಸೀತು. ಆದರೆ ಬ್ರೇಕು, ಬಾಯ್ಲರುಗಳ ವಿಷಯದಲ್ಲಿ ದಾಖಲೆ ಚೆನ್ನಾಗಿದೆಯೆಂದು ತಪಾಸಣೆಯನ್ನು ಮುಂದೂಡುವುದು ಜೀವಕ್ಕೆ ಅಪಾಯ.

ಕೋವಿಡ್ ನಂತರದ ವರ್ಷಗಳಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಲಕ್ಷಾಂತರ ಕಿಲೋಮೀಟರ್ ಓಡಿದ್ದ ನೂರಾರು ಬಸ್ಸುಗಳನ್ನು ತನ್ನದೇ ಕಾರ್ಯಾಗಾರಗಳಲ್ಲಿ ನವೀಕರಿಸಿ ಮರಳಿ ರಸ್ತೆಗಿಳಿಸಿತು. ತಗುಲಿದ ವೆಚ್ಚ ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಅಂಶ ಮಾತ್ರ. ಯಾವ ಬಸ್ಸು ಇಂತಹ ಖರ್ಚಿಗೆ ಯೋಗ್ಯ, ಯಾವುದು ಅಲ್ಲ ಎಂಬ ಆಯ್ಕೆಗೆ ಬಸ್ಸುವಾರು ದಾಖಲೆ ಬೇಕೇ ಬೇಕು. ಐದು ಲಾರಿಗಳ ಮಾಲೀಕರಿಗೂ ಇದೇ ಮಾತು ಅನ್ವಯಿಸುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಈ ದಾಖಲೆಗೆ ಬೆಲೆಯಿದೆ. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಪ್ರಕರಣದಲ್ಲಿನ ‘ಚಾಲ್ತಿ ದುರಸ್ತಿ’ ಎಂಬ ಪದವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವೇಚಿಸಿತು. ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳುವ ಖರ್ಚು ದುರಸ್ತಿ. ಗಿರಣಿಯ ರಿಂಗ್ ಫ್ರೇಮನ್ನೇ ತೆಗೆದು ಹೊಸತನ್ನು ಕೂರಿಸುವುದು ದುರಸ್ತಿಯಲ್ಲ ಎಂದು ತೀರ್ಪಿತ್ತಿತು. ಯಾವ ದಿನ, ಯಾವ ಯಂತ್ರಕ್ಕೆ, ಯಾವ ಭಾಗ ಎಂಬ ದಾಖಲೆಯಿದ್ದರೆ ಈ ವ್ಯತ್ಯಾಸವನ್ನು ಅಧಿಕಾರಿಗಳ ಮುಂದೆ ಸ್ಥಾಪಿಸುವುದು ಸುಲಭ. ಕಂಪನಿಗಳು ಅನುಸೂಚಿಯ ಅವಧಿಗಿಂತ ಭಿನ್ನವಾದ ಆಯುಷ್ಯವನ್ನು ಅನುಸರಿಸುವುದಾದರೆ ತಾಂತ್ರಿಕ ಸಲಹೆಯ ಆಧಾರ ನೀಡಬೇಕು. ಅಲ್ಲಿಯೂ ಇದು ನೆರವಾಗುತ್ತದೆ.

ಇನ್ನು ಕಷ್ಟವಿರುವುದು ನಮೂದಿಸುವವರಲ್ಲಿ. ಕೈಯೆಲ್ಲ ಎಣ್ಣೆಯಾಗಿರುವ ಮೆಕ್ಯಾನಿಕ್ ಗಣಕಯಂತ್ರದ ಮುಂದೆ ಕೂರುತ್ತಾನೆಂದು ನಿರೀಕ್ಷಿಸುವುದು ವ್ಯರ್ಥ. ಅವನು ಕನ್ನಡದಲ್ಲಿ ಒಂದು ಚೀಟಿ ಬರೆಯಲಿ, ಸಂಜೆ ಗುಮಾಸ್ತರು ಅದನ್ನು ತುಂಬಲಿ. ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ತೊಡಗುವುದರಿಂದ ಆಗಲೇ ಆರಂಭಿಸಿದರೆ ಮಳೆಗಾಲದ ಹೊತ್ತಿಗೆ ಎರಡು ತಿಂಗಳ ದಾಖಲೆ ಕೈಯಲ್ಲಿರುತ್ತದೆ. ಪ್ರತಿ ತಿಂಗಳ ಕೊನೆಗೆ ತಂತ್ರಾಂಶದಲ್ಲಿನ ಬಿಡಿಭಾಗಗಳ ಮೊತ್ತ ಮತ್ತು ಕೂಲಿಯನ್ನು ದುರಸ್ತಿ ಖಾತೆಯ ಮೊತ್ತದೊಂದಿಗೆ ತಾಳೆ ನೋಡಬೇಕು. ಎರಡೂ ಹೊಂದದಿದ್ದರೆ ಒಂದೋ ಚೀಟಿ ತಪ್ಪಿದೆ, ಬಿಡಿಭಾಗ ಕಪಾಟಿನಲ್ಲಿಯೇ ಉಳಿದಿದೆ, ಇಲ್ಲವೇ ಅದು ಬೇರೆ ಯಾರದೋ ಯಂತ್ರಕ್ಕೆ ಹೋಗಿದೆ.